ಸೋತ ದಿನದ ಚಪ್ಪಾಳೆ

ಶ್ರಾವಣದ ಹೊತ್ತಿಗೆ ಶಾಲೆಗಳಲ್ಲಿ ಕ್ರೀಡಾಕೂಟದ ಗದ್ದಲ. ಮೊದಲು ವಲಯ ಮಟ್ಟ. ಅಲ್ಲಿ ಗೆದ್ದವರಿಗೆ ತಾಲೂಕು, ಆಮೇಲೆ ಜಿಲ್ಲೆ. ವಳಕಮದಿನ್ನಿಯ ಒಬ್ಬ ಹುಡುಗಿ ಶಾಲೆಯ ಖೊ ಖೊ ತಂಡಕ್ಕೆ ಆಯ್ಕೆಯಾದಳೆಂದು ಇಟ್ಟುಕೊಳ್ಳಿ. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರರ ಸೀಮೆ ಅದು. ನೀರು ಹರಿದಲ್ಲಿ ಭತ್ತ, ಹರಿಯದಲ್ಲಿ ಹತ್ತಿ, ತೊಗರಿ. ಬೆಳಿಗ್ಗೆ ಎರಡು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹುಡುಗಿ ಮಾಸ್ತರರ ಹಿಂದೆ ಟಂಟಂ ಹತ್ತುತ್ತಾಳೆ. ದಿನವಿಡೀ ಬರಿಗಾಲಲ್ಲಿ ಓಡುತ್ತಾಳೆ. ಸಂಜೆ ಪ್ರಮಾಣಪತ್ರ ತಂದು ಅವ್ವನ ಕೈಗೆ ಕೊಡುತ್ತಾಳೆ. ಅವ್ವ ಅದನ್ನು ದೇವರ ಜಗುಲಿಯ ಮೇಲಿಟ್ಟು, 'ಹೊತ್ತಾತು, ನೀರು ತುಂಬು ಹೋಗು' ಎನ್ನುತ್ತಾಳೆ.

ಅವ್ವನಿಗೆ ಸಂತೋಷವಿಲ್ಲವೆಂದಲ್ಲ. ಆದರೆ ಮಗಳು ಓಡಿದ್ದನ್ನು ಆಕೆ ನೋಡಿಲ್ಲ. ಅಪ್ಪನೂ ನೋಡಿಲ್ಲ. ಅದೇ ಮನೆಯ ಹುಡುಗ ಟೆನ್ನಿಸ್ ಚೆಂಡಿನ ಕ್ರಿಕೆಟ್ ಪಂದ್ಯ ಆಡಿದರೆ ಓಣಿಗೆ ಓಣಿಯೇ ಬಯಲಿನಲ್ಲಿ ನೆರೆಯುತ್ತದೆ. ಹುಡುಗಿಯ ಆಟಕ್ಕೆ ಸಾಕ್ಷಿ ಆ ಒಂದು ಕಾಗದ ಮಾತ್ರ.

ಹೆಣ್ಣುಮಕ್ಕಳ ಆಟಕ್ಕೆ ಚಪ್ಪಾಳೆ ತಟ್ಟುವವರು ಯಾರು? ಯಾವಾಗ ತಟ್ಟುತ್ತಾರೆ? ಕೃಷ್ಣಾ ನದಿ ದಾಟಿ ಉತ್ತರಕ್ಕೆ ಹೋದರೆ ಸಿಗುವ ವಿಜಯಪುರದ ಒಂದು ಮನೆಯ ಕಥೆ ಈ ಪ್ರಶ್ನೆಯನ್ನು ಚೆನ್ನಾಗಿ ಬಿಡಿಸುತ್ತದೆ.

2017ರ ಜುಲೈ 15. ಇಂಗ್ಲೆಂಡಿನ ಡರ್ಬಿ ಮೈದಾನ. ಮಹಿಳೆಯರ ವಿಶ್ವಕಪ್ ಕ್ರಿಕೆಟ್ಟಿನಲ್ಲಿ ಭಾರತಕ್ಕೆ ನ್ಯೂಜಿಲೆಂಡ್ ಎದುರಾಳಿ. ಗೆದ್ದರೆ ಸೆಮಿಫೈನಲ್, ಸೋತರೆ ಊರಿನ ದಾರಿ. ನಾಯಕಿ ಮಿಥಾಲಿ ರಾಜ್ 109 ರನ್ ಹೊಡೆದರು. ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಗಳಲ್ಲಿ 70 ರನ್ ಬಾರಿಸಿದರು. ಮೊತ್ತ 265ಕ್ಕೆ ಏರಿತು. ಆಮೇಲೆ ಬೌಲಿಂಗಿಗೆ ಬಂದವರಲ್ಲಿ ಒಬ್ಬರು ವಿಜಯಪುರದ ರಾಜೇಶ್ವರಿ ಗಾಯಕವಾಡ. ಎಡಗೈ ಸ್ಪಿನ್ನರ್. ಆ ಟೂರ್ನಿಯಲ್ಲಿ ಅದುವರೆಗೆ ಒಂದು ಪಂದ್ಯದಲ್ಲೂ ಆಡುವ ಅವಕಾಶ ಸಿಕ್ಕಿರಲಿಲ್ಲ; ಬೆಂಚಿನ ಮೇಲೆ ಕುಳಿತು ಗೆಳತಿಯರಿಗೆ ನೀರು ಕೊಡುವ ಕೆಲಸ. ಅವತ್ತು 7.3 ಓವರುಗಳಲ್ಲಿ 15 ರನ್ ಕೊಟ್ಟು ಐದು ವಿಕೆಟ್ ಕಿತ್ತರು! ನ್ಯೂಜಿಲೆಂಡ್ 79ಕ್ಕೆ ಮುಗಿಯಿತು. ಭಾರತಕ್ಕೆ 186 ರನ್ನುಗಳ ಗೆಲುವು.

ಆ ಟೂರ್ನಿಯ ಎಲ್ಲ ಪಂದ್ಯಗಳೂ ಟೀವಿಯಲ್ಲಿ ಬರಲಿಲ್ಲ. ಮಹಿಳೆಯರ ಪಂದ್ಯ ನೋಡುವವರು ಎಷ್ಟು ಮಂದಿ ಎಂಬ ಲೆಕ್ಕಾಚಾರ ಅದರ ಹಿಂದೆ ಇದ್ದೀತು. ಆದರೆ ಭಾರತ ಸೆಮಿಫೈನಲ್ಲಿಗೆ ಬಂದು, ಹರ್ಮನ್‌ಪ್ರೀತ್ ಕೌರ್ ಆಸ್ಟ್ರೇಲಿಯದ ಮೇಲೆ ಔಟಾಗದೆ 171 ರನ್ ಹೊಡೆದ ಮೇಲೆ ಲೆಕ್ಕ ತಲೆಕೆಳಗಾಯಿತು. ಜುಲೈ 23ರ ಫೈನಲ್ ದಿನ ಲಾರ್ಡ್ಸ್ ಮೈದಾನದಲ್ಲಿ 26 ಸಾವಿರಕ್ಕೂ ಹೆಚ್ಚು ಜನ.

ಆ ಫೈನಲ್ಲಿನಲ್ಲಿ ಇಂಗ್ಲೆಂಡಿನ ಮೊದಲ ವಿಕೆಟ್ ಉರುಳಿಸಿದವರು ರಾಜೇಶ್ವರಿ. ಇಂಗ್ಲೆಂಡ್ 228 ರನ್ ಮಾಡಿತು. ಭಾರತ ಒಂದು ಹಂತದಲ್ಲಿ ಮೂರು ವಿಕೆಟ್ಟಿಗೆ 191. ಇನ್ನೇನು ಕಪ್ ಕೈಗೆ ಬಂತು ಎನ್ನುವಾಗ ಸಾಲಾಗಿ ವಿಕೆಟ್ ಬಿದ್ದವು. 35 ರನ್ ಮಾಡಿದ್ದ ವೇದಾ ಔಟಾದರು. ಆಮೇಲೆ ಯಾರೂ ನಿಲ್ಲಲಿಲ್ಲ. ಕೊನೆಯ ಬ್ಯಾಟುಗಾರ್ತಿಯಾಗಿ ಬಂದ ರಾಜೇಶ್ವರಿಯ ಸ್ಟಂಪನ್ನು ಆನ್ಯಾ ಶ್ರಬ್‌ಸೋಲ್ ಎಗರಿಸಿದಾಗ ಭಾರತ 219. ಕೇವಲ ಒಂಬತ್ತು ರನ್ನುಗಳ ಸೋಲು. ಎದುರಾಳಿಯ ಮೊದಲ ವಿಕೆಟ್ ಕಿತ್ತ ಹುಡುಗಿಯೇ ತನ್ನ ತಂಡದ ಕೊನೆಯ ವಿಕೆಟ್ ಆಗಿ, ಸೊನ್ನೆ ಹೊತ್ತು ಮೈದಾನದಿಂದ ಹೊರನಡೆಯಬೇಕಾಯಿತು. ಬ್ಯಾಟಿಂಗ್ ಆಕೆಯ ಕಸುಬಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ಸೋಲಿನ ಚಿತ್ರದಲ್ಲಿ ಉಳಿಯುವುದು ಕೊನೆಯವರ ಮುಖವೇ.

ಇಂಥ ದಿನ ಚಪ್ಪಾಳೆ ತಟ್ಟುವವರೇ ಬೇಕಾದವರು.

ಸ್ವಲ್ಪ ಹಿಂದಕ್ಕೆ ಹೋಗಬೇಕು. ರಾಜೇಶ್ವರಿ ಹುಟ್ಟಿದ್ದು 1991ರಲ್ಲಿ, ಊರಿಗಿನ್ನೂ ಬಿಜಾಪುರ ಎಂಬ ಹೆಸರಿದ್ದ ಕಾಲ. ಉತ್ತರ ಕರ್ನಾಟಕದಲ್ಲಿ ಹೆಣ್ಣುಮಕ್ಕಳ ಕ್ರಿಕೆಟ್ ಎಂದರೆ ನಗುವವರೇ ಹೆಚ್ಚಿದ್ದ ಕಾಲವೂ ಹೌದು. ಹಾಗೆ ನೋಡಿದರೆ ಕರ್ನಾಟಕಕ್ಕೆ ಈ ಆಟದಲ್ಲಿ ಹಳೆಯ ಹೆಸರಿದೆ. 1976ರಲ್ಲಿ ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದಾಗ ನಾಯಕಿಯಾಗಿದ್ದವರು ಶಾಂತಾ ರಂಗಸ್ವಾಮಿ. ಪಂದ್ಯ ನಡೆದದ್ದೂ ಬೆಂಗಳೂರಿನಲ್ಲೇ. ಆದರೆ ಬೆಂಗಳೂರಿನ ಮಾತು ಬೇರೆ, ಬಿಜಾಪುರದ ಮಾತು ಬೇರೆ. ಇಲ್ಲಿ ಮಗಳನ್ನು ಮೈದಾನಕ್ಕೆ ಕಳಿಸುವ ತಂದೆ ಮೊದಲು ನೆರೆಹೊರೆಗೆ ಉತ್ತರ ಹೇಳಬೇಕು. ರಾಜೇಶ್ವರಿಯ ತಂದೆ ಆ ಕೆಲಸ ಮಾಡಿದರು. ಮಕ್ಕಳನ್ನು ಆಟಕ್ಕೆ ಹಚ್ಚಿದವರೇ ಅವರು. ತಂಗಿ ರಾಮೇಶ್ವರಿಯೂ ಕ್ರಿಕೆಟ್ ಆಟಗಾರ್ತಿ.

2014ರ ಜನವರಿಯಲ್ಲಿ ಶ್ರೀಲಂಕಾ ವಿರುದ್ಧ ರಾಜೇಶ್ವರಿ ಮೊದಲ ಸಲ ಭಾರತದ ಬಣ್ಣ ತೊಟ್ಟರು. ಅದೇ ವರ್ಷ ತಂದೆ ಹೃದಯಾಘಾತದಿಂದ ತೀರಿಕೊಂಡರು. ಡರ್ಬಿಯ ಐದು ವಿಕೆಟ್ ಅವರು ನೋಡಲಿಲ್ಲ, ಲಾರ್ಡ್ಸಿನ ಜನಸಾಗರವನ್ನೂ ನೋಡಲಿಲ್ಲ. ಪತ್ರಿಕೆಗಳಲ್ಲಿ ಮಗಳ ಫೋಟೊ ಬರುವ ಎಷ್ಟೋ ವರ್ಷ ಮೊದಲು ಚಪ್ಪಾಳೆ ತಟ್ಟಿ ಹೋದವರು ಅವರು. ಅವರ ಪಾಲಿಗೆ ಮಗಳು ಆಗಿನ್ನೂ ಯಾವ ಪದಕವನ್ನೂ ಗೆದ್ದಿರಲಿಲ್ಲ. ಆಡುತ್ತಿದ್ದಳು, ಅಷ್ಟೇ.

ಫೈನಲ್ ಸೋತು ಬಂದ ತಂಡಕ್ಕೆ ಮುಂಬಯಿ ವಿಮಾನ ನಿಲ್ದಾಣದಲ್ಲಿ ಜನ ಹೂವು ಹಿಡಿದು ಕಾಯುತ್ತಿದ್ದರು. 2005ರಲ್ಲೂ ಭಾರತ ವಿಶ್ವಕಪ್ ಫೈನಲ್ ಆಡಿತ್ತು, ಸೋತಿತ್ತು. ಅದು ಎಷ್ಟು ಜನರಿಗೆ ನೆನಪಿದೆ? ಆಗ ಮಹಿಳಾ ಕ್ರಿಕೆಟ್ ಬಿಸಿಸಿಐ ತೆಕ್ಕೆಗೂ ಬಂದಿರಲಿಲ್ಲ. ಹನ್ನೆರಡು ವರ್ಷಗಳಲ್ಲಿ ಜನ ಸೋತವರಿಗೂ ಹೂವು ಹಿಡಿಯುವಷ್ಟು ಬದಲಾದರು.

ಆದರೆ ಇದನ್ನೇ ಹಿಡಿದು ಬೀಗುವಂತಿಲ್ಲ. ಹಾಕಿಯ ಕಥೆ ಕೇಳಿ.

2018ರ ಮಹಿಳಾ ವಿಶ್ವಕಪ್ ಹಾಕಿ ಲಂಡನ್ನಿನಲ್ಲಿ ನಡೆಯಿತು. ಹದಿನಾರು ತಂಡಗಳು. ಐರ್ಲೆಂಡ್ ರ್‍ಯಾಂಕಿಂಗಿನಲ್ಲಿ ಕೊನೆಯಿಂದ ಎರಡನೆಯದು. ಇಡೀ ಐರ್ಲೆಂಡ್ ದ್ವೀಪದ ಜನಸಂಖ್ಯೆ ಸೇರಿಸಿದರೂ ಬೆಂಗಳೂರಿನಷ್ಟಾಗದು. ಆಟಗಾರ್ತಿಯರಲ್ಲಿ ಕೆಲವರು ಓದುವವರು, ಕೆಲವರು ನೌಕರಿಗೆ ಹೋಗುವವರು. ಪ್ರಾಯೋಜಕರು ಸಿಗುವವರೆಗೆ ದೇಶಕ್ಕಾಗಿ ಆಡಲು ತಾವೇ ಕೈಯಿಂದ ದುಡ್ಡು ಹಾಕಬೇಕಿತ್ತು. ಆ ತಂಡ ಗುಂಪಿನ ಪಂದ್ಯದಲ್ಲಿ ಭಾರತವನ್ನು 1-0ಯಿಂದ ಸೋಲಿಸಿತು. ಕ್ವಾರ್ಟರ್‌ಫೈನಲ್ಲಿನಲ್ಲಿ ಮತ್ತೆ ಭಾರತವೇ ಎದುರಾಯಿತು, ಶೂಟೌಟಿನಲ್ಲಿ ಮತ್ತೆ ಸೋತಿತು. ನಮ್ಮವರನ್ನು ಎರಡೆರಡು ಸಲ ಸೋಲಿಸಿದ ತಂಡವನ್ನು ಹೊಗಳುವುದು ನಾಲಗೆಗೆ ಸ್ವಲ್ಪ ಕಷ್ಟವೇ. ಆದರೂ ಮುಂದಿನದು ಕೇಳುವಂಥದ್ದು. ಸೆಮಿಫೈನಲ್ಲಿನಲ್ಲಿ ಸ್ಪೇನ್ ತಂಡವನ್ನು ಶೂಟೌಟಿನಲ್ಲೇ ಮಣಿಸಿ ಐರ್ಲೆಂಡ್ ಫೈನಲ್ ತಲುಪಿತು. ಅಲ್ಲಿ ನೆದರ್‌ಲೆಂಡ್ಸ್ ಆರು ಗೋಲು ಹೊಡೆಯಿತು, ಐರ್ಲೆಂಡಿಗೆ ಒಂದೂ ಇಲ್ಲ. ಆರು ಸೊನ್ನೆ! ಮರುದಿನ ತಂಡ ಡಬ್ಲಿನ್ನಿಗೆ ಬಂದಿಳಿದಾಗ ನಗರದ ಬೀದಿಯಲ್ಲಿ ಸಾವಿರಾರು ಜನ ಸೇರಿ ಹರ್ಷೋದ್ಗಾರ ಮಾಡಿದರು. ಆರು ಗೋಲುಗಳ ಸೋಲನ್ನು ಅವರು ಮರೆತಿದ್ದರೆಂದಲ್ಲ. ಅಷ್ಟು ದೂರ ಹೋದವರನ್ನು ನೋಡಬೇಕಿತ್ತು, ಬಂದು ನೋಡಿದರು.

ಈಗ ನಮ್ಮ ಕಡೆಗೆ ಬನ್ನಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್. ಭಾರತದ ಹಾಕಿ ಹುಡುಗಿಯರು ಅದೇ ಐರ್ಲೆಂಡನ್ನು 1-0ಯಿಂದ ಸೋಲಿಸಿದರು. ಮರುದಿನ ದಕ್ಷಿಣ ಆಫ್ರಿಕದ ವಿರುದ್ಧ ವಂದನಾ ಕಟಾರಿಯಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಹಾಕಿಯಲ್ಲಿ ಹ್ಯಾಟ್ರಿಕ್ ಮಾಡಿದ ಮೊದಲ ಭಾರತೀಯ ಮಹಿಳೆ ಎಂಬ ಹೆಸರು ಅವರದಾಯಿತು. ತಂಡ ಸೆಮಿಫೈನಲ್ ಮುಟ್ಟಿತು. ಅಲ್ಲಿ ಅರ್ಜೆಂಟೀನಾಕ್ಕೆ ಸೋತಿತು. ಸೋತ ದಿನ ಹರಿದ್ವಾರದ ಹತ್ತಿರದ ರೋಶನಾಬಾದಿನಲ್ಲಿ ವಂದನಾ ಅವರ ಮನೆಯ ಮುಂದೆ ಕೆಲವರು ಪಟಾಕಿ ಹೊಡೆದು, ಜಾತಿ ಹಿಡಿದು ಬೈದರೆಂದು ಕುಟುಂಬ ದೂರು ಕೊಟ್ಟಿತು. ಪೊಲೀಸರು ಬಂಧಿಸಿದರು. ಮೂರು ಗೋಲು ಹೊಡೆದ ಹುಡುಗಿಯ ಮನೆಯ ಮುಂದೆ ಪಟಾಕಿ ಹಾರಿದ್ದು ಗೆಲುವಿಗಲ್ಲ, ಸೋಲಿಗೆ. ಇದೂ ನಮ್ಮ ದೇಶದ್ದೇ ಸುದ್ದಿ. ಮಕ್ಕಳಿಗೆ ಹೇಳುವಾಗ ಇದನ್ನು ಬಿಟ್ಟು ಬರೀ ಪದಕದ ಪಟ್ಟಿ ಹೇಳುವುದು ಸರಿಯಲ್ಲ.

ಗೆದ್ದವರಿಗೆ ಸನ್ಮಾನ ಬೇರೆಯೇ ಬಗೆಯದು. 2017ರ ವಿಶ್ವಕಪ್ ಮುಗಿಸಿ ವಿಜಯಪುರಕ್ಕೆ ಬಂದ ರಾಜೇಶ್ವರಿಗೆ ಆಗ ಸಚಿವರಾಗಿದ್ದ ಎಂ.ಬಿ. ಪಾಟೀಲರು ಕಾರು ಕೊಡುವುದಾಗಿ ಹೇಳಿದರು. ಆಕೆ ವಿನಯದಿಂದಲೇ ಬೇಡವೆಂದರು. ಮನೆಯವರಿಗೆ ಇರಲು ಸ್ವಂತದ್ದೊಂದು ಮನೆ ಬೇಕು, ಕಾರಿಗಿಂತ ಅದು ಮುಖ್ಯ ಎಂದರು. ಶಾಲು, ಹಾರ, ಹಣ್ಣಿನ ಬುಟ್ಟಿಗಳ ನಡುವೆ ಹೀಗೆ ನೇರವಾಗಿ ಹೇಳುವುದಕ್ಕೂ ಧೈರ್ಯ ಬೇಕು. ತಂದೆಯಿಲ್ಲದ ಮನೆಯ ಹೊಣೆ ಹೊತ್ತವರಿಗೆ ಆ ಧೈರ್ಯ ಬೇಗ ಬರುತ್ತದೆ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ ಖೊ ವಿಶ್ವಕಪ್ ನಡೆಯಿತು. ವಳಕಮದಿನ್ನಿಯ ಹುಡುಗಿ ಆಡುವ ಅದೇ ಖೊ ಖೊ! ಬ್ಯಾಟು ಬೇಡ, ಗೇಟಿನೊಳಗಿನ ಹುಲ್ಲುಹಾಸು ಬೇಡ, ಎರಡು ಕಂಬ ನೆಟ್ಟರೆ ಆಟ. ಭಾರತದ ಮಹಿಳೆಯರು ಫೈನಲ್ಲಿನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿ ಆಡಿದ ಬಿ. ಚೈತ್ರಾ ಟಿ. ನರಸೀಪುರ ತಾಲೂಕಿನ ಕುರುಬೂರಿನವರು; ಫೈನಲ್ಲಿನ ಶ್ರೇಷ್ಠ ಆಟಗಾರ್ತಿ ಎನಿಸಿದರು. ಪುರುಷರ ತಂಡದಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಇದ್ದರು. ರಾಜ್ಯ ಸರ್ಕಾರ ಇಬ್ಬರಿಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೊಟ್ಟದ್ದು ಇದರ ಎಷ್ಟೋ ಪಟ್ಟು ಎಂಬ ನೋವಿನಿಂದ ಇಬ್ಬರೂ ಆ ಹಣ ಒಪ್ಪಲಿಲ್ಲ. ದುಡ್ಡಿನಾಸೆ ಎಂದು ಮೂಗು ಮುರಿದವರೂ ಇದ್ದಿರಬಹುದು. ಹಳ್ಳಿಯ ಹುಡುಗಿ ಹತ್ತಾರು ವರ್ಷ ಮಣ್ಣಿನಲ್ಲಿ ಓಡಿ ವಿಶ್ವಕಪ್ ತಂದ ಮೇಲೆ ತನಗೇನು ಸಲ್ಲಬೇಕು ಎಂದು ಕೇಳಿದರೆ ಅದರಲ್ಲಿ ತಪ್ಪೇನಿದೆ?

ಅದೇ ವರ್ಷದ ನವೆಂಬರ್ 2ರಂದು ಭಾರತದ ಮಹಿಳೆಯರು ಕೊನೆಗೂ ಕ್ರಿಕೆಟ್ ವಿಶ್ವಕಪ್ ಗೆದ್ದರು. ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಸೋಲಿಸಿದರು. ಅರ್ಧ ರಾತ್ರಿಯವರೆಗೆ ಎಲ್ಲೆಲ್ಲೂ ಪಟಾಕಿ. ಆ ತಂಡದಲ್ಲಿ ಕರ್ನಾಟಕಕ್ಕೆ ಆಡುವವರು ಒಬ್ಬರೂ ಇರಲಿಲ್ಲ ಎಂಬುದನ್ನು ಪಟಾಕಿ ಹೊಡೆದವರಲ್ಲಿ ಎಷ್ಟು ಜನ ಗಮನಿಸಿದರೋ! ಶಾಂತಾ ರಂಗಸ್ವಾಮಿಯವರ ನಾಡು ಇದು.

ಹಾಗಾದರೆ ಹುಡುಗಿಯರು ಎಲ್ಲಿ ಕಳೆದುಹೋಗುತ್ತಾರೆ? ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಏಳನೆಯ ಇಯತ್ತೆಯವರೆಗೆ ಓಡುವ ಹುಡುಗಿಯರು ಬೇಕಾದಷ್ಟಿದ್ದಾರೆ. ಒಂಬತ್ತನೆಯದಕ್ಕೆ ಬರುವಾಗ ಅರ್ಧ. ಹತ್ತು ಮುಗಿದು ಕಾಲೇಜಿಗೆ ಮಸ್ಕಿಗೋ ಸಿಂಧನೂರಿಗೋ ಬಸ್ಸು ಹತ್ತುವಾಗ ಒಬ್ಬಿಬ್ಬರು. ಕಾರಣ ಕೇಳಿದರೆ ಒಂದೊಂದು ಮನೆಯಲ್ಲಿ ಒಂದೊಂದು. ಅಭ್ಯಾಸ ಮುಗಿಯುವ ಹೊತ್ತಿಗೆ ಕೊನೆಯ ಬಸ್ಸು ಹೋಗಿರುತ್ತದೆ. ಹತ್ತಿ ಬಿಡಿಸುವ ಕಾಲಕ್ಕೆ ಹೊಲದಲ್ಲಿ ಕೈ ಬೇಕು. ಚಡ್ಡಿ ಹಾಕಿ ಆಡಿದರೆ ಜನ ಏನಂದಾರು? ಬಿಸಿಲಿಗೆ ಕಪ್ಪಾದರೆ ವರ ಸಿಗುವುದು ಹೇಗೆ? ದೈಹಿಕ ಶಿಕ್ಷಕರೇ ಇಲ್ಲದ ಶಾಲೆಗಳೂ ಎಷ್ಟೋ ಇವೆ. ಅದು ಮನೆಯವರ ತಪ್ಪಲ್ಲ, ಸರ್ಕಾರದ್ದು. ಉಳಿದವುಗಳಲ್ಲಿ ಬಸ್ಸಿನ ಚಿಂತೆ ನಿಜವಾದದ್ದು. ಅದಕ್ಕೆ ಊರಿನ ನಾಲ್ಕು ಮನೆಯವರು ಸೇರಿ ಸರದಿಯ ಮೇಲೆ ಒಬ್ಬೊಬ್ಬರು ಹೋಗಿ ಹುಡುಗಿಯರನ್ನು ಕರೆತರುವುದೊಂದು ದಾರಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳೂ ಇವೆ. ಆಯ್ಕೆಗೆ ಮಕ್ಕಳನ್ನು ಓಡಿಸಿ, ಎಸೆಸಿ ನೋಡುತ್ತಾರೆ. ಶಾಲೆಯ ಮಾಸ್ತರರಲ್ಲಿ ಅಥವಾ ಜಿಲ್ಲಾ ಕೇಂದ್ರದ ಕ್ರೀಡಾ ಇಲಾಖೆಯಲ್ಲಿ ವಿಚಾರಿಸಿದರೆ ಯಾವಾಗ, ಎಲ್ಲಿ ಎಂಬುದು ತಿಳಿಯುತ್ತದೆ. ಕಪ್ಪಾಗುವ ಚಿಂತೆಗೆ ಮಾತ್ರ ಉತ್ತರವಿಲ್ಲ. ಹತ್ತಿ ಹೊಲದ ಬಿಸಿಲಿಗೂ ಮೈದಾನದ ಬಿಸಿಲಿಗೂ ಏನು ವ್ಯತ್ಯಾಸವೆಂದು ಕೇಳಬಹುದು, ಅಷ್ಟೇ.

ಓದು ಹಾಳಾಗುತ್ತದೆ ಎನ್ನುವವರಿಗೆ ಒಂದು ಮಾತು. ಆಡುವ ಮಕ್ಕಳೆಲ್ಲ ರಾಜೇಶ್ವರಿ, ಚೈತ್ರಾ ಆಗುವುದಿಲ್ಲ. ಬಹುಪಾಲು ಮಕ್ಕಳ ಆಟ ತಾಲೂಕಿಗೋ ಜಿಲ್ಲೆಗೋ ನಿಲ್ಲುತ್ತದೆ. ಹಾಗೆ ನಿಂತವರೂ ಆಡಿದವರೇ. ಸೋತು ಬಂದು ಮರುದಿನ ಮತ್ತೆ ಅಭ್ಯಾಸಕ್ಕೆ ಇಳಿಯುವುದನ್ನು ಕಲಿತ ಹುಡುಗಿ ಪರೀಕ್ಷೆಯಲ್ಲಿ ಒಂದು ವಿಷಯ ಹೋದರೆ ಎದೆ ಒಡೆದುಕೊಳ್ಳುವುದಿಲ್ಲ. ಲಾರ್ಡ್ಸಿನಲ್ಲಿ ಸೊನ್ನೆಗೆ ಔಟಾಗಿ ಹೊರನಡೆದ ರಾಜೇಶ್ವರಿ ಐದು ವರ್ಷದ ನಂತರ, 2022ರ ಮಾರ್ಚ್ 6ರಂದು, ಮತ್ತೊಂದು ವಿಶ್ವಕಪ್ಪಿನಲ್ಲಿ ಪಾಕಿಸ್ತಾನದ ನಾಲ್ಕು ವಿಕೆಟ್ ಕಿತ್ತರು. ನಡುವಿನ ಐದು ವರ್ಷ ದಿನಾ ಮೈದಾನಕ್ಕೆ ಹೋದದ್ದರ ಲೆಕ್ಕ ಯಾವ ಸ್ಕೋರು ಪಟ್ಟಿಯಲ್ಲೂ ಇಲ್ಲ.

ವಳಕಮದಿನ್ನಿಯ ಹುಡುಗಿಗೆ ಈಗ ತಾಲೂಕು ಮಟ್ಟದ ಪಂದ್ಯ ಇದೆಯೆನ್ನಿ. ರಾತ್ರಿ ಊಟಕ್ಕೆ ಕುಳಿತಾಗ ಮೆಲ್ಲಗೆ ಮಾತು ತೆಗೆಯುತ್ತಾಳೆ.

'ಯಪ್ಪಾ, ನಾಳೆ ನಮ್ಮ ಮ್ಯಾಚೈತಿ. ನೀ ಬರ್ತಿಯೇನು?'

'ನಾ ಬಂದೇನು ಮಾಡ್ಲಿ ಯವ್ವಾ? ಹೊಲದಾಗ ಕೆಲಸೈತಿ.'

'ಏನೂ ಮಾಡಬ್ಯಾಡ. ಸುಮ್ಮ ಕುಂತು ನೋಡು. ಸೋತ್ರೂ ಸೋಲ್ತೀವಿ ನಾವು.'

ಅಪ್ಪ ರೊಟ್ಟಿ ಮುರಿಯುತ್ತಾನೆ. ಅವ್ವ ಒಲೆಯ ಮುಂದಿನಿಂದ ಒಮ್ಮೆ ಗಂಡನ ಮುಖ ನೋಡುತ್ತಾಳೆ.

'ಎಷ್ಟೊತ್ತಿಗೈತಿ?'