ಗೃಹಸ್ಥರೊಡನೆ ನಾಲ್ಕು ಮಾತು: ಉದ್ಯೋಗ ಮೇಳದಲ್ಲಿ ನಡೆನುಡಿ


ಕೊಪ್ಪಳದ ಗವಿಮಠದ ಜಾತ್ರೆಯನ್ನು ಅರಿಯದವರು ನಮ್ಮ ಸೀಮೆಯಲ್ಲಿಲ್ಲ. ಈಚೆಗೆ ತರುಣರಿಗಾಗಿ ಇನ್ನೊಂದು ಬಗೆಯ ಜಾತ್ರೆಯೂ ಕೂಡುತ್ತಿರುವದು. ಅದಕ್ಕೆ ಉದ್ಯೋಗ ಮೇಳವೆಂದು ಹೆಸರು. ಹದಿನೈದು ವರ್ಷ ಓದಿ ಸಂಪಾದಿಸಿದ ವಿದ್ಯೆಯನ್ನು ಐದು ನಿಮಿಷಗಳಲ್ಲಿ ಅಪರಿಚಿತರಿಗೆ ತಿಳಿಸಬೇಕಾದ ಸ್ಥಳವದು. ಆದಕಾರಣ ಅದರ ವಿಚಾರವಾಗಿ ಈ ತಿಂಗಳು ಕೆಲವು ಮಾತುಗಳನ್ನು ಅರಿಕೆ ಮಾಡುವೆನು.

1997ರಲ್ಲಿ ರಾಯಚೂರಿನಿಂದ ನಮ್ಮ ಜಿಲ್ಲೆ ಬೇರೆಯಾದಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕೇ ತಾಲೂಕುಗಳಿದ್ದವು. ಗಂಗಾವತಿಯ ಕಡೆಗೆ ತುಂಗಭದ್ರೆಯ ಕಾಲುವೆಯೂ ಅಕ್ಕಿಯ ಗಿರಣಿಗಳೂ ಉಂಟು. ಕುಷ್ಟಗಿ, ಯಲಬುರ್ಗಾಗಳಲ್ಲಿ ಬಹುಪಾಲು ಹೊಲಗಳಿಗೆ ಮಳೆಯೇ ಗತಿ. ಅದು ಕೈಕೊಟ್ಟ ವರ್ಷ ಎಷ್ಟೋ ಮನೆಗಳವರು ದುಡಿಮೆಗಾಗಿ ದೂರದ ಊರುಗಳಿಗೆ ಗುಳೇ ಹೋಗುವರು. ಗಿಣಿಗೇರಿಯಲ್ಲಿ ಉಕ್ಕಿನ ಕಾರ್ಖಾನೆಗಳಿವೆ. ಭಾನಾಪುರದ ಬಳಿ ಆಟಿಕೆಗಳ ಕಾರ್ಖಾನೆಗಳಿಗಾಗಿ 2021ರಲ್ಲಿ ಶಂಕುಸ್ಥಾಪನೆಯಾಯಿತು. 2012ರಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ವಿಧಿಯು ಸೇರಿ, ಸರಕಾರದ ಹುದ್ದೆಗಳಲ್ಲಿ ಈ ಭಾಗದವರಿಗೆ ಮೀಸಲು ದೊರೆಯಿತು. ಆದರೆ ಮೇಳದಲ್ಲಿ ಮೇಜಿನಾಚೆ ಕುಳಿತಿರುವ ಖಾಸಗಿ ಕಂಪನಿಯವರಿಗೆ ಆ ನಿಯಮವು ಅನ್ವಯಿಸದು. ಅಲ್ಲಿ ನಮ್ಮ ಮಕ್ಕಳು ತಮ್ಮ ಯೋಗ್ಯತೆಯನ್ನು ತಾವೇ ಹೇಳಿಕೊಳ್ಳಬೇಕು.

ಹೇಳಿಕೊಳ್ಳುವದು ಹೇಗೆ? ಇದಕ್ಕೆ ದೃಷ್ಟಾಂತವು ನಮ್ಮ ಗಂಗಾವತಿ ತಾಲೂಕಿನಲ್ಲಿಯೇ ಉಂಟು. ಆನೆಗೊಂದಿಯ ಸುತ್ತಲಿನ ಪ್ರದೇಶವೇ ಕಿಷ್ಕಿಂಧೆಯೆಂಬ ನಂಬಿಕೆ ಬಹುಕಾಲದ್ದು. ವಾಲ್ಮೀಕಿ ರಾಮಾಯಣದಲ್ಲಿ ಸುಗ್ರೀವನು ಬಿಲ್ಲು ಹಿಡಿದು ಬಂದ ಇಬ್ಬರು ಅಪರಿಚಿತರನ್ನು ಕಂಡು ಭಯಗೊಂಡು, ಅವರು ಎಂಥವರೆಂದು ತಿಳಿದುಬರಲು ಹನುಮಂತನನ್ನು ಕಳುಹಿಸುವನು. ಹನುಮಂತನು ಭಿಕ್ಷುವಿನ ವೇಷದಲ್ಲಿ ಬಂದು ಮಾತನಾಡಲು, ರಾಮನು ಆ ವೇಷದ ಗೊಡವೆಗೆ ಹೋಗದೆ ನುಡಿಯನ್ನೇ ಗಮನಿಸುವನು. ಅದರಲ್ಲಿ ಅತಿವಿಸ್ತಾರವಾಗಲಿ ಸಂದಿಗ್ಧತೆಯಾಗಲಿ ಆತುರವಾಗಲಿ ಇಲ್ಲದಿರುವದನ್ನೂ ಮುಖದಲ್ಲಿ ವಿಕಾರವಿಲ್ಲದಿರುವದನ್ನೂ ಕಂಡು, ಈತನು ಚೆನ್ನಾಗಿ ವ್ಯಾಸಂಗ ಮಾಡಿದವನೆಂದು ಲಕ್ಷ್ಮಣನಿಗೆ ಹೇಳುವನು. ಅಂಕಪಟ್ಟಿಯಿಲ್ಲದೆಯೇ ವಿದ್ಯೆಯು ಪ್ರಕಟವಾದ ಬಗೆಯಿದು.

ಇಂಥ ನುಡಿಯು ಮೇಳದ ದಿನ ಬೆಳಿಗ್ಗೆ ಹುಟ್ಟುವದಿಲ್ಲ, ಮನೆಯಲ್ಲಿ ಅಭ್ಯಾಸವಾಗಬೇಕು. ನಾನು ಏನು ಕಲಿತಿರುವೆನು, ನನ್ನ ಕೈಯಿಂದ ಏನು ಮಾಡಿರುವೆನು, ಯಾವ ಕೆಲಸವನ್ನು ಬಯಸುವೆನು ಎಂಬ ಮೂರು ವಾಕ್ಯಗಳನ್ನು ರಾತ್ರಿಯ ಊಟವಾದ ಮೇಲೆ ಮಕ್ಕಳಿಂದ ಹೇಳಿಸಿರಿ. ಎರಡನೆಯದನ್ನೇ ನಮ್ಮ ಮಕ್ಕಳು ಸಂಕೋಚದಿಂದ ಬಿಟ್ಟುಬಿಡುವರು. ಐಟಿಐ ಕಲಿತ ಹುಡುಗನು ಊರಿನ ಕೆಟ್ಟ ಪಂಪಸೆಟ್ಟುಗಳನ್ನು ದುರಸ್ತಿ ಮಾಡಿರುವನು, ಬಿ.ಕಾಂ. ಓದಿದ ಹುಡುಗಿಯು ತಾಯಿಯ ಸ್ವಸಹಾಯ ಸಂಘದ ಲೆಕ್ಕವನ್ನು ಪೈಸೆ ತಪ್ಪದಂತೆ ಬರೆದಿರುವಳು. ಇವು ಹೇಳತಕ್ಕ ಸಂಗತಿಗಳೆಂದು ಅವರಿಗೆ ತೋರುವದೇ ಇಲ್ಲ. ಅದಕ್ಕೆ ಬದಲಾಗಿ ಉರುಹೊಡೆದ ಇಂಗ್ಲಿಷು ವಾಕ್ಯಗಳು ಎದುರಿನವರ ಮೊದಲ ಮರುಪ್ರಶ್ನೆಗೇ ಮುರಿದು ಬೀಳುವವು. ಬಲ್ಲಷ್ಟು ಇಂಗ್ಲಿಷನ್ನು ಧೈರ್ಯದಿಂದ ಆಡಲಿ. ಬಾರದ್ದನ್ನು ಬಾರದು, ಕಲಿಯುವೆನು ಎನ್ನಲಿ.

ಬಾಹ್ಯ ವಿಷಯಗಳೂ ಅಲಕ್ಷ್ಯಕ್ಕೆ ಯೋಗ್ಯವಲ್ಲ. ಒಗೆದು ಇಸ್ತ್ರಿ ಮಾಡಿದ ಸ್ವಂತ ಬಟ್ಟೆಯೇ ಸಾಕು. ಮೈಗೊಪ್ಪದ ಎರವಿನ ಕೋಟು ಬೇಡ. ಸ್ವವಿವರದ ಹಾಗೂ ಅಂಕಪಟ್ಟಿಗಳ ಝೆರಾಕ್ಸ್ ಪ್ರತಿಗಳನ್ನು ಹತ್ತಾರು ಇಟ್ಟುಕೊಳ್ಳಲಿ. ಮೂಲಪತ್ರಗಳನ್ನು ಯಾರ ಕೈಯಲ್ಲಿಯೂ ಬಿಟ್ಟು ಬರಬಾರದು. ಮೊಬೈಲು ಮೌನವಾಗಿರಲಿ. ಜೊತೆಗೆ ಹೋದ ತಂದೆತಾಯಿಗಳು ಮೇಜಿನಿಂದ ದೂರ ನಿಲ್ಲುವದು ಲೇಸು. ಮಗಳಿಗೆ ಕೇಳಿದ ಪ್ರಶ್ನೆಗೆ ತಂದೆ ಉತ್ತರಕೊಟ್ಟರೆ, ಅವಳಿಗೆ ಮಾತೇ ಬಾರದೆಂದು ಎದುರಿನವರು ಭಾವಿಸುವರು.

ಇನ್ನೊಂದು ಮಾತು. ಹನುಮಂತನು ಬಂದದ್ದು ಎದುರಿನವರನ್ನು ಪರೀಕ್ಷಿಸಲಿಕ್ಕೆಂಬದನ್ನು ಮರೆಯಬಾರದು. ನಮ್ಮ ತರುಣರೂ ವಿನಯದಿಂದ ಕೇಳಲಿ: ಕಡಿತವೆಲ್ಲ ಕಳೆದು ಕೈಗೆ ಬರುವ ಸಂಬಳವೆಷ್ಟು? ಕೆಲಸ ಯಾವ ಊರಲ್ಲಿ? ವಸತಿಯ ಖರ್ಚು ಯಾರದು? ರಾತ್ರಿ ಪಾಳಿ ಉಂಟೆ? ಭವಿಷ್ಯ ನಿಧಿ ಉಂಟೆ? ನೇಮಕಾತಿ ಪತ್ರ ಎಂದು ಕೈಸೇರುವದು? ಹೀಗೆ ಕೇಳುವದು ಉದ್ಧಟತನವಲ್ಲ. ವಿಚಾರವಂತನೆಂದು ಯೋಗ್ಯ ಮಾಲಿಕನು ಮೆಚ್ಚುವನು. ಕೆಲಸ ಕೊಡಿಸಲು ಠೇವಣಿ, ನೋಂದಣಿ ಎಂದು ಯಾರಾದರೂ ಹಣ ಕೇಳಿದರೆ ಅಲ್ಲಿಂದ ಎದ್ದು ಬರತಕ್ಕದ್ದು. ಅಂಥವರಿಗೆ ಕೊಡಲು ಸಾಲ ತಂದ ಮನೆಯು ಸಂಬಳವನ್ನೂ ಕಾಣದು, ಸಾಲದಿಂದಲೂ ಬಿಡುಗಡೆ ಹೊಂದದು.

ಮೇಳಕ್ಕೆ ಹೋದವರೆಲ್ಲರೂ ಆಯ್ಕೆಯಾಗುವದು ಅಸಾಧ್ಯ. ಬರಿಗೈಯಲ್ಲಿ ಮರಳಿದ ಮಗನಿಗೋ ಮಗಳಿಗೋ ನೆರೆಮನೆಯವರ ಹೋಲಿಕೆಯನ್ನು ಬಡಿಸಬೇಡಿರಿ. ಮೊದಲು ಊಟಕ್ಕಿಕ್ಕಿರಿ, ಆಮೇಲೆ ಅವರು ಏನು ಕೇಳಿದರು, ಮಾತು ಎಲ್ಲಿ ತಡೆಯಿತು ಎಂದು ಸಮಾಧಾನದಿಂದ ವಿಚಾರಿಸಿ ಬರೆದಿಡಿಸಿರಿ. ಮುಂದಿನ ಮೇಳದ ಪಾಠವು ಆ ಹಾಳೆಯಿಂದಲೇ ಆರಂಭವಾಗುವದು.