ಯೌವನಸ್ಥರೂ ಸಮಾಜದ ಕಟ್ಟುಪಾಡುಗಳೂ

ಕಳೆದ ವರ್ಷ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಸಮ್ಮೇಳನದ ದಿನ ಊಟವಾದ ಮೇಲೆ ಮರದ ನೆರಳಿನಲ್ಲಿ ಕುಳಿತಿದ್ದಾಗ ಒಂದು ವಾದವು ಹುಟ್ಟಿತು. ಮಾಲೂರಿನಿಂದ ಬಂದಿದ್ದ ಸೋದರಿಯೊಬ್ಬರು, ಈ ಕಾಲದ ಮಕ್ಕಳಿಗೆ ಅಂಕೆಯೆಂಬುದೇ ಇಲ್ಲವಾಗಿದೆಯೆಂದರು. ಮುಳಬಾಗಿಲಿನಿಂದ ಬಂದಿದ್ದ ಮತ್ತೊಬ್ಬರು, ಅಂಕೆಯು ಅತಿಯಾದುದರಿಂದಲೇ ಮಕ್ಕಳು ಸುಳ್ಳು ಹೇಳುವುದನ್ನು ಕಲಿಯುತ್ತಾರೆಂದರು. ಇಬ್ಬರೂ ತಾಯಂದಿರು, ಇಬ್ಬರೂ ಅನುಭವಸ್ಥರು. ಕಾಫಿಯು ಆರಿಹೋಗುವ ತನಕ ನಡೆದ ವಾದವು ಇತ್ಯರ್ಥವಾಗದೆಯೇ ಉಳಿಯಿತು. ಆ ದಿನ ಸುಮ್ಮನೆ ಕೇಳುತ್ತ ಕುಳಿತಿದ್ದ ನಾವು, ಈ ಸ್ಮರಣಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂಬ ಕೋರಿಕೆಯು ಬಂದುದರಿಂದ, ನಮ್ಮ ಮನಸ್ಸಿನಲ್ಲಿದ್ದುದನ್ನು ಈಗ ಹೇಳಲು ಮನಮಾಡಿದ್ದೇವೆ.

ಕಟ್ಟುಪಾಡುಗಳು ಬಿಗಿಯಾಗಿವೆಯೋ ಸಡಿಲವಾಗಿವೆಯೋ ಎಂದು ಕೇಳುವುದರಿಂದ ಹೆಚ್ಚು ಫಲವಿಲ್ಲವೆಂದು ನಮಗೆ ತೋರುತ್ತದೆ. ಅವು ಯಾವ ಸಮಯದಲ್ಲಿ ಸಡಿಲವಾಗುತ್ತವೆ, ಯಾರ ಪ್ರಯೋಜನಕ್ಕಾಗಿ ಸಡಿಲವಾಗುತ್ತವೆ ಎಂಬುದನ್ನು ನೋಡಿದರೆ ಅವುಗಳ ನಿಜಸ್ವರೂಪವು ತಿಳಿಯುತ್ತದೆ. ನಾವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುವೆವು.

ಕೆಲವು ವರ್ಷಗಳ ಹಿಂದೆ ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯಿಂದ ಒಬ್ಬ ಹುಡುಗಿಯು ನಮ್ಮ ಬಳಿ ಓದಲು ಬರುತ್ತಿದ್ದಳು. ಓದಿನಲ್ಲಿ ಚುರುಕು, ಥ್ರೋಬಾಲ್ ಆಟದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಜಿಲ್ಲೆಯ ಪಂದ್ಯಕ್ಕೆ ತಂಡವನ್ನು ಸಿದ್ಧಪಡಿಸುತ್ತಿದ್ದಾಗ, ಸಂಜೆ ಆರರವರೆಗೆ ನಿಂತು ಅಭ್ಯಾಸಮಾಡಬೇಕಾಯಿತು. ಆಕೆಯ ತಂದೆಯು ಒಪ್ಪಲಿಲ್ಲ. ನಾವೇ ಮನೆಗೆ ಹೋಗಿ ಮಾತನಾಡಿದೆವು. ಅವರು ಒಳ್ಳೆಯ ಮನುಷ್ಯರು, ನಮ್ಮನ್ನು ಕೂರಿಸಿ, ಮಜ್ಜಿಗೆ ಕೊಟ್ಟು, "ಟೀಚರಮ್ಮಾ, ಮಗಳ ಮೇಲೆ ನಮಗೇನೂ ಅನುಮಾನ ಇಲ್ಲ. ಊರಿನವರ ಬಾಯಿ ಕಟ್ಟೋಕಾಗುತ್ತಾ? ಹೊತ್ತು ಮುಳುಗಿದ ಮೇಲೆ ಹೆಣ್ಣು ಮನೇಲಿರಬೇಕು, ಅಷ್ಟೇ" ಎಂದರು. ನಾವು ಮರುಮಾತಿಲ್ಲದೆ ಹಿಂದಿರುಗಿದೆವು. ಹುಡುಗಿಯು ತಂಡವನ್ನು ಬಿಟ್ಟಳು. ಪಿ.ಯು. ಪರೀಕ್ಷೆಯಲ್ಲಿ ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾದರೂ, ಡಿಗ್ರಿಗೆಂದು ದಿನವೂ ಕೋಲಾರಕ್ಕೆ ಹೋಗಿಬರುವುದು ಬೇಡವೆಂದು ಮನೆಯಲ್ಲಿ ತೀರ್ಮಾನವಾಯಿತು.

ಇದಾದ ಮೇಲೆ ಒಂದು ದಿನ ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ, ಮದುವೆಮನೆಯೊಂದರಿಂದ ಹಿಂದಿರುಗುವಾಗ, ರಸ್ತೆಯ ಬದಿಯಲ್ಲಿ ಕಾರ್ಖಾನೆಯ ಬಸ್ಸಿಗಾಗಿ ಕಾದು ನಿಂತಿದ್ದ ಹೆಣ್ಣುಮಕ್ಕಳ ಗುಂಪಿನಲ್ಲಿ ಅವಳನ್ನು ಕಂಡೆವು. ಕೊರಳಿನಲ್ಲಿ ಗುರುತಿನ ಚೀಟಿ, ಕೈಯಲ್ಲಿ ಊಟದ ಡಬ್ಬಿ. ನರಸಾಪುರದಲ್ಲಿ ರಾತ್ರಿಯ ಪಾಳಿ. ಅವಳನ್ನು ದ್ವಿಚಕ್ರವಾಹನದಲ್ಲಿ ಅಲ್ಲಿಯವರೆಗೆ ತಂದು ಬಿಟ್ಟು, ಬಸ್ಸು ಬರುವ ತನಕ ಪಕ್ಕದಲ್ಲಿ ನಿಂತಿದ್ದವರು ಅದೇ ತಂದೆ. ನಮ್ಮನ್ನು ಕಂಡು ನಮಸ್ಕರಿಸಿ, "ಬೋರಿನ ಸಾಲ, ಟೀಚರಮ್ಮಾ" ಎಂದಷ್ಟೇ ಹೇಳಿ ತಲೆ ತಗ್ಗಿಸಿದರು.

ನಾವು ಅವರನ್ನು ಹಳಿಯಲಾರೆವು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ಸೀಮೆಯಲ್ಲಿ, ಸಾವಿರ ಅಡಿ ಮೀರಿ ಕೊರೆಸಿದರೂ ನೀರು ಕಾಣದೆ ಸಾಲಕ್ಕೆ ಸಿಕ್ಕಿಬಿದ್ದ ಮನೆಗಳೆಷ್ಟೆಂಬುದನ್ನು ನಮ್ಮ ವಾಚಕರು ಬಲ್ಲರು. ಮಗಳ ಸಂಬಳದಿಂದ ಸಾಲವು ತೀರಿತೆಂದರೆ ಅದು ಆ ಮಗಳಿಗೂ ಗೌರವವೇ. ಆದರೆ ಒಂದು ಪ್ರಶ್ನೆಯನ್ನು ಕೇಳದಿರಲಾರೆವು. ಹೊತ್ತು ಮುಳುಗಿದ ಮೇಲೆ ಹೊರಗಿರಬಾರದೆಂಬ ಕಟ್ಟಳೆಯು ಆಟಕ್ಕಾಗಿ ಅರ್ಧ ಗಂಟೆ ಸಡಿಲವಾಗಲಿಲ್ಲ. ವಿದ್ಯೆಗಾಗಿ ಒಂದು ಬಸ್ಸಿನಷ್ಟು ಸಡಿಲವಾಗಲಿಲ್ಲ. ಸಂಬಳಕ್ಕಾಗಿ ಇಡೀ ರಾತ್ರಿಯಷ್ಟು ಸಡಿಲವಾಯಿತು. ಆಗ ಊರಿನವರ ಬಾಯಿ ಎಲ್ಲಿ ಹೋಯಿತು? ಆ ಬಸ್ಸಿನಲ್ಲಿ ಊರಿನವರ ಹೆಣ್ಣುಮಕ್ಕಳೂ ಇದ್ದುದರಿಂದ ಅದು ತಾನಾಗಿಯೇ ಮುಚ್ಚಿಕೊಂಡಿತು.

ಸರ್ಕಾರದ ಕಾನೂನೂ ಇದೇ ದಾರಿಯಲ್ಲಿ ನಡೆದಿದೆ. 1948ರ ಕಾರ್ಖಾನೆಗಳ ಕಾಯಿದೆಯು ಹೆಂಗಸರನ್ನು ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಕೆಲಸಕ್ಕೆ ಹಚ್ಚಬಾರದೆಂದು ವಿಧಿಸಿತ್ತು. 2019ರಲ್ಲಿ ನಮ್ಮ ರಾಜ್ಯದ ಸರ್ಕಾರವು ಕೆಲವು ಷರತ್ತುಗಳ ಮೇಲೆ ರಾತ್ರಿಯ ಪಾಳಿಗೆ ಅನುಮತಿ ಕೊಟ್ಟಿತು. ಆ ಷರತ್ತುಗಳಲ್ಲಿ, ಹೋಗಿಬರಲು ವಾಹನವಿರಬೇಕೆಂಬುದೂ, ಕೆಲಸಮಾಡುವವಳು ತನ್ನ ಒಪ್ಪಿಗೆಯನ್ನು ಬರೆದುಕೊಡಬೇಕೆಂಬುದೂ ಸೇರಿವೆ. ಇದನ್ನು ಓದಿದಾಗ ನಮಗೆ ನಗೆಯೂ ಬಂತು, ವ್ಯಥೆಯೂ ಆಯಿತು. ಆ ಹುಡುಗಿಯ ಇಪ್ಪತ್ತು ವರ್ಷಗಳ ಬಾಳಿನಲ್ಲಿ ಅವಳ ಒಪ್ಪಿಗೆಯನ್ನು ಮೊದಲು ಕೇಳಿದುದು ಒಂದು ಕಾರ್ಖಾನೆಯ ಕಾಗದವೇ ಏನೋ! ಮನೆಯಲ್ಲಿ ಫೋನನ್ನು ಮುಟ್ಟಬೇಡವೆಂದು ಗದರಿಸಿಕೊಂಡವಳು, ಅಲ್ಲಿ ಕುಳಿತು ಲೋಕಕ್ಕೆಲ್ಲ ಹೋಗುವ ಫೋನುಗಳನ್ನು ಜೋಡಿಸುತ್ತಿದ್ದಳೆಂಬುದನ್ನೂ ಇಲ್ಲಿ ಹೇಳಿಬಿಡುತ್ತೇವೆ.

ಹಿರಿಯರು ಮಾಡಿದ ಕಟ್ಟಳೆಯನ್ನು ಮುಟ್ಟಬಾರದೆಂದು ಹೇಳುವವರುಂಟು. ಅಂಥವರು ನಮ್ಮ ಸಂಸ್ಥಾನದ ಚರಿತ್ರೆಯನ್ನು ತುಸು ನೆನೆಯಬೇಕು. 1894ರಲ್ಲಿ ಮೈಸೂರು ಸರ್ಕಾರವು ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಕೂಡದೆಂದೂ, ಹದಿನಾಲ್ಕು ತುಂಬದವಳನ್ನು ಐವತ್ತು ಮೀರಿದ ಗಂಡಸಿಗೆ ಕೊಡಕೂಡದೆಂದೂ ಒಂದು ಕಾನೂನನ್ನು ಮಾಡಿತು. ಅಷ್ಟಕ್ಕೇ ಧರ್ಮವು ಕೆಟ್ಟಿತೆಂದು ಕೂಗಿದವರಿದ್ದರು. ಇಂದು ಎಂಟು ವರ್ಷದ ಮಗಳನ್ನು ಧಾರೆಯೆರೆಯುವುದು ಧರ್ಮವೆಂದು ಹೇಳುವ ಧೈರ್ಯ ಯಾರಿಗಿದೆ? ಮಾಲೂರು ತಾಲ್ಲೂಕಿನವರೇ ಆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಬರೆದ ರಂಗಪ್ಪನ ಮದುವೆಯ ಕಥೆಯನ್ನು ಬಹುಮಂದಿ ಓದಿರಬಹುದು. ಬೆಂಗಳೂರಿನಲ್ಲಿ ಓದಿ ಬಂದ ರಂಗನು ತಾನು ಬೆಳೆದ ಹುಡುಗಿಯನ್ನೇ ಮದುವೆಯಾಗುವೆನೆಂದು ಹಟ ಹಿಡಿಯುತ್ತಾನೆ. ಕೊನೆಗೆ ಅವನ ಮನಸ್ಸು ಒಲಿದ ರತ್ನಳಿಗೆ ಹನ್ನೊಂದು ವರ್ಷ. ನಾವು ತರಗತಿಯಲ್ಲಿ ಈ ಕಥೆಯನ್ನು ಹೇಳುವಾಗ ಹುಡುಗಿಯರು ನಗುನಗುತ್ತ ಕೇಳುತ್ತಿದ್ದು, ಆ ವಯಸ್ಸಿನ ಮಾತು ಬಂದೊಡನೆ ಒಮ್ಮೆಲೇ ಸುಮ್ಮನಾಗುತ್ತಿದ್ದರು. ಮದುವೆಯ ವಯಸ್ಸು 1929ರ ಶಾರದಾ ಕಾಯಿದೆಯಿಂದ ಹದಿನಾಲ್ಕಾಗಿ, 1949ರಲ್ಲಿ ಹದಿನೈದಾಗಿ, 1978ರಲ್ಲಿ ಹದಿನೆಂಟಾಗಿದೆ. ಹೀಗಿದ್ದರೂ ನಮ್ಮ ಹಳ್ಳಿಗಳಲ್ಲಿ ಬೇಸಗೆಯ ರಜೆಯಲ್ಲಿ ಗುಟ್ಟಾಗಿ ನಡೆಯುವ ಮದುವೆಗಳು ಪೂರ್ತಿಯಾಗಿ ನಿಂತಿಲ್ಲ. ಜೂನ್ ತಿಂಗಳಲ್ಲಿ ಹಾಜರಿ ಕರೆಯುವಾಗ ಒಂದು ಹೆಸರಿಗೆ ಉತ್ತರವು ಬಾರದೆ ಹೋದರೆ ಉಪಾಧ್ಯಾಯಿನಿಯ ಎದೆಯು ಹೇಗೆ ನಡುಗುತ್ತದೆಂಬುದನ್ನು ನಾವು ಬಲ್ಲೆವು.

ಇದಕ್ಕಿಂತ ಘೋರವಾದುದೂ ಉಂಟು. 2023ರಲ್ಲಿ ನಮ್ಮ ಜಿಲ್ಲೆಯಲ್ಲಿಯೇ, ಬೇರೆ ಜಾತಿಯ ಯುವಕನನ್ನು ಪ್ರೀತಿಸಿದ ಮಗಳನ್ನು ಕೊಂದನೆಂಬ ಆರೋಪದ ಮೇಲೆ ಒಬ್ಬ ತಂದೆಯನ್ನು ಪೊಲೀಸರು ಬಂಧಿಸಿದರು. ಸುದ್ದಿಯನ್ನು ತಿಳಿದ ಆ ಯುವಕನೂ ಪ್ರಾಣ ಬಿಟ್ಟನು. ಇದರ ವಿಷಯದಲ್ಲಿ ಹೆಚ್ಚು ಬರೆಯಲು ನಮ್ಮ ಲೇಖನಿಯು ಏಳದು. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ.

ಹಾಗಾದರೆ ಕಟ್ಟುಗಳೇ ಬೇಡವೋ? ಹಾಗೆಂದು ನಾವು ಹೇಳುವುದಿಲ್ಲ. ತಂದೆತಾಯಿಗಳ ಭಯವು ನಿರಾಧಾರವಲ್ಲ. ಬಸ್ಸು ನಿಲ್ದಾಣದಲ್ಲಿ ಹಿಂದೆ ಬೀಳುವ ಪುಂಡರು ಇದ್ದಾರೆ. ಫೋನಿನ ಮೂಲಕ ನಂಬಿಸಿ ಮೋಸಮಾಡುವವರೂ ಇದ್ದಾರೆ. ಆದರೆ ಪುಂಡನು ದಾರಿಯಲ್ಲಿದ್ದರೆ ದಂಡನೆಯು ದಾರಿ ನಡೆಯುವವಳಿಗೇಕೆ? ಒಂದೇ ಮನೆಯಲ್ಲಿ ಅಣ್ಣನು ರಾತ್ರಿ ಹತ್ತಕ್ಕೆ ಬಂದರೆ ತಟ್ಟೆ ಮುಚ್ಚಿಟ್ಟು ಕಾಯುವ ತಾಯಿ, ತಂಗಿಯು ಆರೂವರೆಗೆ ಬಂದರೆ ಬಾಗಿಲಲ್ಲಿ ನಿಂತು ವಿಚಾರಣೆ ನಡೆಸುತ್ತಾಳೆ. ಆ ಅಣ್ಣನಿಗೂ ನಾಲ್ಕು ಕಟ್ಟಳೆಗಳನ್ನು ಹಾಕಿದ್ದರೆ ಊರಿನ ದಾರಿಗಳು ಎಷ್ಟೋ ನಿರ್ಭಯವಾಗುತ್ತಿದ್ದುವು. ಗಂಡುಮಕ್ಕಳ ತಾಯಂದಿರಾದ ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಮಾತನ್ನು ಮನಸ್ಸಿಗೆ ತೆಗೆದುಕೊಳ್ಳಬೇಕೆಂದು ವಿಶೇಷವಾಗಿ ಬೇಡುತ್ತೇವೆ. 2023ರ ಜೂನ್ ತಿಂಗಳಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೀಟಿನ ಹಣವಿಲ್ಲದಂತಾಯಿತು. ಮುಳಬಾಗಿಲಿನಿಂದ ಕೋಲಾರಕ್ಕೆ ಬಂದು ಓದಲು ಖರ್ಚಿನ ನೆಪವು ಇದರಿಂದ ತಪ್ಪಿತು. ಸಂಜೆಯ ಬಸ್ಸಿಲ್ಲದ ಹಳ್ಳಿಗಳ ತಂದೆತಾಯಿಗಳು ಮಗಳ ಓದನ್ನು ಬಿಡಿಸುವುದಕ್ಕೆ ಮೊದಲು, ಹತ್ತು ಮಂದಿ ಕೂಡಿ ಡಿಪೋ ಅಧಿಕಾರಿಗಳಿಗೆ ಒಂದು ಅರ್ಜಿಯನ್ನಾದರೂ ಬರೆಯಬಾರದೇಕೆ?

ನಾವು ಬಾಲ್ಯದಲ್ಲಿ ಬೇರೊಂದು ಊರಿನ ವಿದ್ಯಾರ್ಥಿನಿಲಯದಲ್ಲಿ ಇಬ್ಬರು ಮೇಲ್ವಿಚಾರಕಿಯರ ಕೈಕೆಳಗೆ ಬೆಳೆದೆವು. ಮೊದಲನೆಯವರು ನಮ್ಮ ಕಾಗದಗಳನ್ನೆಲ್ಲ ಒಡೆದು ಓದಿಯೇ ಕೊಡುತ್ತಿದ್ದರು. ಏಕೆಂದು ಕೇಳಿದವಳಿಗೆ ಒಂದು ವಾರ ಅಂಗಳ ಗುಡಿಸುವ ಶಿಕ್ಷೆ. ಅವರ ಕಾಲದಲ್ಲಿ ನಾವು ಕಾಗದಗಳನ್ನು ಹಾಲಿನವಳ ಕೈಯಲ್ಲಿ ಕಳುಹಿಸುವ ಉಪಾಯವನ್ನು ಕಲಿತೆವು. ಎರಡನೆಯವರ ನಿಯಮಗಳು ಕಡಮೆಯೇನೂ ಆಗಿರಲಿಲ್ಲ. ಎಂಟು ಗಂಟೆಗೆ ಬಾಗಿಲು ಹಾಕುತ್ತಿದ್ದರು. ಆದರೆ ವರ್ಷದ ಆರಂಭದಲ್ಲಿ ನಮ್ಮನ್ನೆಲ್ಲ ಕೂರಿಸಿ ಒಂದೊಂದು ನಿಯಮಕ್ಕೂ ಕಾರಣವನ್ನು ಹೇಳುತ್ತಿದ್ದರು. ಕಾರಣ ಸಾಲದೆಂದು ನಮಗೆ ತೋರಿದರೆ ಹೇಳಿರೆನ್ನುತ್ತಿದ್ದರು. ಒಂದು ಸಲ ಒಬ್ಬಳ ಮಾತನ್ನು ಒಪ್ಪಿ, ಪರೀಕ್ಷೆಯ ತಿಂಗಳಿನಲ್ಲಿ ದೀಪವಾರಿಸುವ ಹೊತ್ತನ್ನು ಮುಂದಕ್ಕೆ ಹಾಕಿದರು. ಅವರ ಕಾಲದಲ್ಲಿ ಹಾಲಿನವಳಿಗೆ ಹಾಲಿನ ಹೊರತು ಬೇರೆ ಕೆಲಸವಿರಲಿಲ್ಲ.

ಥ್ರೋಬಾಲ್ ಆಡುತ್ತಿದ್ದ ಆ ಹುಡುಗಿಯು ಕಳೆದ ತಿಂಗಳು ನಮಗೆ ಫೋನು ಮಾಡಿದ್ದಳು. ಬೋರಿನ ಸಾಲವು ತೀರುತ್ತ ಬಂದಿದೆಯಂತೆ. ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ. ಕಟ್ಟಬೇಕೆಂದು ಅವಳಿಗೆ ಆಸೆ. ಸಂಬಂಧವೊಂದನ್ನು ಗೊತ್ತುಮಾಡಬೇಕೆಂದು ಮನೆಯವರ ಆತುರ. ತಂದೆಯು ಮಾವಿನ ಮಂಡಿಯ ಕೆಲಸ ಮುಗಿಸಿ ಭಾನುವಾರ ಮಧ್ಯಾಹ್ನ ಮನೆಯಲ್ಲಿರುತ್ತಾರೆಂದೂ, ನಾವೊಮ್ಮೆ ಬಂದು ಮಾತನಾಡಬೇಕೆಂದೂ ಕೇಳಿಕೊಂಡಳು. ಅರ್ಜಿಯ ನಮೂನೆಯನ್ನು ತರಿಸಿ ಇಟ್ಟುಕೊಂಡಿದ್ದೇವೆ. ಈ ಸಲ ಮಜ್ಜಿಗೆ ಕುಡಿದು ಸುಮ್ಮನೆ ಎದ್ದು ಬರುವವರಲ್ಲ.