ಚಿತ್ರಕಾರ್ಡಿಗೆ ಏರದ ಓದುಮನೆಗಳು

ನೂರು ವರ್ಷದ ಹಿಂದೆ ಹಾಸನ ಸೀಮೆಯ ಚಿತ್ರವಿರುವ ಪೋಸ್ಟ್‌ಕಾರ್ಡು ಎಂದರೆ ಬೇಲೂರು, ಹಳೇಬೀಡು, ಇಲ್ಲವೇ ಶ್ರವಣಬೆಳಗೊಳದ ಗೊಮ್ಮಟ. ಗ್ರಂಥಾಲಯವೊಂದು ಅಂಥ ಕಾರ್ಡಿಗೆ ಏರಬೇಕಾದರೆ ಅದು ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರಬೇಕಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ನೆನಪಿಗೆ 1915ರಲ್ಲಿ ಸಿದ್ಧವಾದ ಕೆಂಪು ಕಟ್ಟಡ ಹಳೆಯ ಕಾರ್ಡುಗಳಲ್ಲೂ ಇದೆ. ರಾಜ್ಯ ಕೇಂದ್ರ ಗ್ರಂಥಾಲಯವಾಗಿ ಇಂದಿಗೂ ಓದುಗರನ್ನು ಕೂರಿಸಿಕೊಳ್ಳುತ್ತಿದೆ. ಅರಕಲಗೂಡು, ಹೊಳೆನರಸೀಪುರದಂಥ ಊರುಗಳ ಹಳೆಯ ಓದುಮನೆಗಳಿಗೆ ಈ ಭಾಗ್ಯ ಸಿಗುವುದು ಅಪರೂಪ. ಹಾಗಾಗಿ ಕೆಡವುವುದೋ ಉಳಿಸುವುದೋ ಎಂಬ ಮಾತು ಬಂದಾಗ ಅವುಗಳ ಪರವಾಗಿ ತೋರಿಸಲು ಒಂದು ಚಿತ್ರವೂ ಇರುವುದಿಲ್ಲ.

ಕೆಡವಿ ಎನ್ನುವವರ ಮಾತನ್ನು ನಾನು ತಳ್ಳಿಹಾಕಲಾರೆ. ಇಂದು ತಾಲ್ಲೂಕು ಗ್ರಂಥಾಲಯದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂರುವವರಲ್ಲಿ ಎಫ್‌ಡಿಎ, ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿದ್ದಾರೆ. ಅವರಿಗೆ ಬೇಕಾದದ್ದು ಒಳ್ಳೆಯ ಬೆಳಕು, ಮೇಜು, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ. ಮುಂಗಾರಿನಲ್ಲಿ ಹೆಂಚು ಸೋರಿದರೆ ಪುಸ್ತಕಕ್ಕೆ ಬೂಷ್ಟು, ಮರದ ಬೀರುವಿಗೆ ಗೆದ್ದಲು. ಎತ್ತರದ ಮೆಟ್ಟಿಲು ಮಂಡಿ ನೋವಿನ ಹಿರಿಯರನ್ನು ಬೀದಿಯಿಂದಲೇ ವಾಪಸು ಕಳಿಸುತ್ತದೆ. ಹಣದ ಲೆಕ್ಕವೂ ಇದೆ. 1965ರ ಗ್ರಂಥಾಲಯ ಕಾಯಿದೆಯ ಆಧಾರದಲ್ಲಿ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ಬರುತ್ತದೆ. ಸಣ್ಣ ಊರಿನಲ್ಲಿ ಆಸ್ತಿ ತೆರಿಗೆಯೇ ಸಣ್ಣದು. ಆ ಹಣವನ್ನು ಹಳೆಯ ಗೋಡೆಗೆ ಸುರಿದರೆ ಪುಸ್ತಕ ಕೊಳ್ಳುವುದು ಯಾವುದರಲ್ಲಿ?

ಆದರೆ ಸೋರುವುದೆಲ್ಲ ಮುಪ್ಪಿನಿಂದಲ್ಲ. ಸುಣ್ಣದ ಗಾರೆಯ ಗೋಡೆ ಹೀರಿದ ನೀರನ್ನು ಮತ್ತೆ ಗಾಳಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದು ಆಯಿಲ್ ಪೇಂಟ್ ಹೊಡೆದರೆ ತೇವ ಒಳಗೇ ನಿಂತು ಗಾರೆ ಉದುರುತ್ತದೆ. ರಿಪೇರಿಯೇ ರೋಗ ತಂದಿರುವ ಕಟ್ಟಡವನ್ನು ಹಳೆಯದೆಂದು ಬೀಳಿಸುವುದು ಅನ್ಯಾಯ. ಅದಕ್ಕಿಂತ ದೊಡ್ಡ ಮಾತು ಜಾಗದ್ದು. ಹಳೆಯ ಓದುಮನೆ ಪೇಟೆಯ ನಡುವೆ ಇದ್ದರೆ ಸಂತೆಗೆ ಬಂದ ರೈತ ಬಸ್ಸು ಬರುವವರೆಗೆ ಪೇಪರು ಓದಬಲ್ಲ. ಒಮ್ಮೆ ಕೆಡವಿದ ಮೇಲೆ ಆ ನಿವೇಶನದ ಮೇಲೆ ಅಂಗಡಿ ಮಳಿಗೆಯ ಕಣ್ಣು ಬೀಳುತ್ತದೆ, ಗ್ರಂಥಾಲಯ ಊರಾಚೆಯ ಬಡಾವಣೆಗೆ ಹೋಗುತ್ತದೆ. ಕಾದಂಬರಿಕಾರ ಅನಕೃ ತಮ್ಮ ಹೆಸರಿನ ಮುಂದೆ ಹೊತ್ತ ಊರು ಅರಕಲಗೂಡು. ಅವರ ಕಾದಂಬರಿಗಳು ಸಾಮಾನ್ಯರ ಕೈಗೆ ಸಿಕ್ಕಿದ್ದು ಹೀಗೆ ದಾರಿಯಲ್ಲೇ ಸಿಗುತ್ತಿದ್ದ ವಾಚನಾಲಯಗಳಿಂದಲೂ ಹೌದು.

ಚಿತ್ರಕಾರ್ಡಿಗೆ ಏರಿದ ಓದುಮನೆಗಳ ಕಥೆಯನ್ನೂ ನೋಡೋಣ. ಅಮೆರಿಕದಲ್ಲಿ ದಾನಿ ಆಂಡ್ರ್ಯೂ ಕಾರ್ನೆಗಿಯ ಹಣದಿಂದ ಸುಮಾರು 1,680 ಗ್ರಂಥಾಲಯಗಳು ಎದ್ದವು. ಸಣ್ಣ ಊರುಗಳೂ ತಮ್ಮ ಗ್ರಂಥಾಲಯದ ಚಿತ್ರಕಾರ್ಡು ಅಚ್ಚು ಹಾಕಿಸಿ ಹೆಮ್ಮೆಯಿಂದ ಕಳಿಸಿದವು. ಕಾರ್ನೆಗಿಯ ಷರತ್ತು ಗಟ್ಟಿಯಾಗಿತ್ತು: ಜಾಗ ಊರಿನವರೇ ಕೊಡಬೇಕು, ಕೊಟ್ಟ ಹಣದ ಹತ್ತರಲ್ಲೊಂದು ಪಾಲನ್ನು ಪ್ರತಿವರ್ಷ ನಿರ್ವಹಣೆಗೆ ಊರೇ ಭರಿಸಬೇಕು. ಅವುಗಳಲ್ಲಿ ಎಷ್ಟೋ ಇನ್ನೂ ಗ್ರಂಥಾಲಯಗಳೇ, ಕೆಲವು ಮ್ಯೂಸಿಯಂ, ಕಚೇರಿಗಳಾದವು, ಕೆಲವು ಹೋದವು. ಕಾರ್ಡಿನಲ್ಲಿ ಚಿತ್ರ ಬಂದಿತ್ತೆಂದು ಎಲ್ಲವೂ ಉಳಿಯಲಿಲ್ಲ.

ಹಳೆಯ ಕಾರ್ಡು ಒಳ್ಳೆಯ ಸಾಕ್ಷಿ, ಪೂರ್ಣ ಸಾಕ್ಷಿಯಲ್ಲ. ಮುಚ್ಚಿಹೋದ ಕಿಟಕಿ, ಕಳೆದುಹೋದ ಜಗಲಿಯನ್ನು ಅದು ತೋರಿಸೀತು. ಬಣ್ಣವನ್ನು ಮಾತ್ರ ನಂಬುವಂತಿಲ್ಲ. ಕಪ್ಪುಬಿಳುಪು ಫೋಟೊಗೆ ಅಚ್ಚುಕೂಟದಲ್ಲಿ ಹಚ್ಚಿದ ಬಣ್ಣ ಎಷ್ಟೋ ಸಲ ಊಹೆಯದು. ಓದುವವರು ಯಾರು, ಯಾರಿಗೆ ಒಳಗೆ ಪ್ರವೇಶವಿರಲಿಲ್ಲ ಎಂಬುದನ್ನೂ ಅದು ಹೇಳದು. ಕಾರ್ಡಿನ ಮೋಹಕ್ಕೆ ಬಿದ್ದರೆ ಮುಂಗೋಡೆ ಉಳಿಸಿ ಓದುಗನನ್ನು ಮರೆಯುವ ಅಪಾಯವಿದೆ.

ನನ್ನ ತೂಕ ಉಳಿಸುವ ಕಡೆಗೇ ವಾಲುತ್ತದೆ, ಷರತ್ತಿನೊಂದಿಗೆ. ಗೋಡೆ ಗಟ್ಟಿಯಿದ್ದರೆ ಸುಣ್ಣದ ಕೆಲಸ ಬಲ್ಲ ಗಾರೆಯವರನ್ನು ಕರೆಸಿ ರಿಪೇರಿ ಮಾಡಿಸಿ, ಹಿಂದೆ ಜಾಗವಿದ್ದರೆ ಹೊಸ ಓದುಕೋಣೆ ಕಟ್ಟಲಿ. ಮಕ್ಕಳ ತಲೆಯ ಮೇಲೆ ಬೀಳುವ ಸ್ಥಿತಿಯಿದ್ದರೆ ಕೆಡವಲಿ. ಅದಕ್ಕೆ ಮುನ್ನ ಒಳಗೂ ಹೊರಗೂ ಫೋಟೊ ತೆಗೆದು, ಅಳತೆಯ ನಕ್ಷೆ ಬರೆಸಿಡಲಿ. ಹೊಸದು ಅದೇ ನಿವೇಶನದಲ್ಲಿ ಏಳಬೇಕೆಂದು ಪಟ್ಟಣ ಪಂಚಾಯಿತಿಯೋ ಪುರಸಭೆಯೋ ಮೊದಲೇ ಠರಾವು ಮಾಡಿದ ನಂತರವೇ ಮೊದಲ ಹೆಂಚು ಇಳಿಯಲಿ.